ಕುರ್‌ಆನ್ ಕೊಂಡ ಅಧ್ಯಕ್ಷ, ತೀರದೇ ಉಳಿದ ಸಾಲ: ಥಾಮಸ್ ಜೆಫರ್ಸನ್ ಬದುಕಿನ ಜಮಾ-ಖರ್ಚು

2007ರ ಜನವರಿ 4ರಂದು ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್ ಕುರ್‌ಆನ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಅದಕ್ಕೂ ಮೊದಲೇ ಕೆಲವರು ಇದು ಅಮೆರಿಕದ ಸಂಪ್ರದಾಯಕ್ಕೆ ವಿರುದ್ಧ ಅಂತ ದೊಡ್ಡ ಗದ್ದಲ ಎಬ್ಬಿಸಿದ್ದರು. ಆದರೆ ಎಲಿಸನ್ ತಂದಿದ್ದು ಅಂಗಡಿಯಿಂದ ಕೊಂಡ ಹೊಸ ಪ್ರತಿಯಲ್ಲ. ಅದು 1764ರಲ್ಲಿ ಲಂಡನ್‌ನಲ್ಲಿ ಅಚ್ಚಾದ, ಎರಡು ಸಂಪುಟಗಳ ಇಂಗ್ಲಿಷ್ ಅನುವಾದ. ಅದರ ಮಾಲೀಕರಾಗಿದ್ದವರು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್. ಸಂಪ್ರದಾಯದ ಮಾತೆತ್ತಿದವರಿಗೆ ಇದಕ್ಕಿಂತ ಹಳೆಯ ಸಂಪ್ರದಾಯ ತೋರಿಸುವುದು ಕಷ್ಟ ಇತ್ತು.

ಜೆಫರ್ಸನ್ ಹತ್ತಿರ ಕುರ್‌ಆನ್ ಇತ್ತು, ಅವರು ಶ್ವೇತಭವನದಲ್ಲಿ ಇಫ್ತಾರ್ ಕೊಟ್ಟರು ಅನ್ನುವ ಸಂದೇಶಗಳು ರಮಝಾನ್ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಸುಳ್ಳೇನಲ್ಲ. ಆದರೆ ಅಷ್ಟೇ ಓದಿ ಬಿಟ್ಟರೆ ಪುಸ್ತಕದ ಜಮಾ ಬದಿ ಮಾತ್ರ ನೋಡಿದ ಹಾಗೆ. ಆ ಮನುಷ್ಯನ ಬದುಕಿನಲ್ಲಿ ಖರ್ಚಿನ ಬದಿಯೂ ಇದೆ. ಆ ಬದಿಯಲ್ಲಿ 130 ಜನರ ಹೆಸರಿದೆ.

ತೋಟದ ಧಣಿಯ ಮಗ

ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13ರಂದು, ವರ್ಜೀನಿಯಾದ ಶ್ಯಾಡ್‌ವೆಲ್ ಎಂಬ ತೋಟದಲ್ಲಿ. ಆಗ ಅಮೆರಿಕ ಅನ್ನುವ ದೇಶವೇ ಇರಲಿಲ್ಲ, ವರ್ಜೀನಿಯಾ ಬ್ರಿಟಿಷರ ವಸಾಹತು. ತಂದೆ ಪೀಟರ್ ಜೆಫರ್ಸನ್ ಹೊಗೆಸೊಪ್ಪು ಬೆಳೆಯುವ ಧಣಿ, ಜೊತೆಗೆ ಭೂಮಿ ಅಳೆಯುವ ಸರ್ವೇಯರ್. ಥಾಮಸ್‌ಗೆ 14 ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಪಾಲಿಗೆ ಬಂದದ್ದು ಸುಮಾರು 5,000 ಎಕರೆ ಭೂಮಿ ಮತ್ತು ಅದರಲ್ಲಿ ದುಡಿಯುತ್ತಿದ್ದ ಗುಲಾಮರು. ಅಂದಿನ ವರ್ಜೀನಿಯಾದಲ್ಲಿ ಭೂಮಿ, ಕುದುರೆ, ಮನುಷ್ಯ, ಮೂರನ್ನೂ ಒಂದೇ ಆಸ್ತಿ ಪಟ್ಟಿಯಲ್ಲಿ ಬರೆಯುತ್ತಿದ್ದರು.

ವಿಲಿಯಮ್ಸ್‌ಬರ್ಗ್‌ನ ಕಾಲೇಜಿನಲ್ಲಿ ಓದಿ, ಅಲ್ಲೇ ಜಾರ್ಜ್ ವೈತ್ ಎಂಬ ಹೆಸರಾಂತ ವಕೀಲರ ಕೈಕೆಳಗೆ ಕಾನೂನು ಕಲಿತರು. 1765ರ ಅಕ್ಟೋಬರ್‌ನಲ್ಲಿ, 22ರ ಹರೆಯದಲ್ಲಿ, ಅದೇ ಊರಿನ ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಕುರ್‌ಆನ್ ಅನುವಾದ ಖರೀದಿಸಿದರು. ಅನುವಾದಕ ಜಾರ್ಜ್ ಸೇಲ್ ಕೂಡ ವಕೀಲರೇ. ಆ ಮಾರಾಟ ಅಂಗಡಿಯ ದಿನದ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದೆ, ಅದರಿಂದಲೇ ಇವತ್ತಿಗೂ ನಮಗೆ ಈ ಸಂಗತಿ ಗೊತ್ತು.

ಹಾಗಂತ ಜೆಫರ್ಸನ್ ಇಸ್ಲಾಮಿನತ್ತ ಒಲಿದಿದ್ದರು ಅಂತ ತಿಳಿಯಬೇಕಾಗಿಲ್ಲ. ಬೇರೆ ಬೇರೆ ಜನಾಂಗಗಳ ಕಾನೂನು, ಧರ್ಮ ತಿಳಿಯುವ ಹಂಬಲ ಇತ್ತು. ಇಸ್ಲಾಮಿನ ಬಗ್ಗೆ ಆಗಿನ ಯುರೋಪಿನ ಪುಸ್ತಕಗಳಲ್ಲಿದ್ದ ತಪ್ಪು ತಿಳಿವಳಿಕೆ ಅವರಲ್ಲೂ ಇತ್ತು. ತಮಗೆ ಅಷ್ಟೇನೂ ಹಿಡಿಸದ ಧರ್ಮದವರಿಗೂ ಸಮಾನ ಹಕ್ಕು ಇರಬೇಕು ಅಂತ ಅವರು ಮುಂದೆ ವಾದಿಸಿದರು. ಅದಕ್ಕೇ ಆ ವಾದಕ್ಕೆ ತೂಕ ಬಂದಿದ್ದು. ಇಷ್ಟವಾದವರಿಗೆ ಹಕ್ಕು ಕೊಡಲು ಯಾರಿಗೂ ಕಷ್ಟವಿಲ್ಲ ನೋಡಿ.

ಪೆನ್ನಿನ ಕೆಲಸ

1776ರಲ್ಲಿ 13 ವಸಾಹತುಗಳು ಬ್ರಿಟಿಷ್ ರಾಜನಿಂದ ಬೇರೆಯಾಗಲು ತೀರ್ಮಾನಿಸಿದಾಗ ಸ್ವಾತಂತ್ರ್ಯ ಘೋಷಣೆಯ ಕರಡು ಬರೆಯುವ ಕೆಲಸ ಬಿದ್ದಿದ್ದು ಜೆಫರ್ಸನ್ ಮೇಲೆ. ವಯಸ್ಸು 33. ಮನುಷ್ಯರೆಲ್ಲ ಸಮಾನರು, ಬದುಕು ಮತ್ತು ಸ್ವಾತಂತ್ರ್ಯ ಯಾರೂ ಕಸಿಯಲಾಗದ ಹಕ್ಕು ಎಂಬ ವಿಚಾರ ಅದರ ಜೀವಾಳ. ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗವನ್ನೂ ಅವರು ಬರೆದಿದ್ದರು. ಸಭೆ ಅದನ್ನು ಹೊಡೆದು ಹಾಕಿತು. ಬರೆದವರ ಮನೆಯಲ್ಲೇ ಗುಲಾಮರಿದ್ದರು ಎಂಬುದನ್ನು ಮರೆಯುವ ಹಾಗಿಲ್ಲ.

ಮರುವರ್ಷವೇ ಜೆಫರ್ಸನ್ ಇನ್ನೊಂದು ಕರಡಿಗೆ ಕೈಹಾಕಿದರು. ನಮ್ಮಂಥವರಿಗೆ ಹೆಚ್ಚು ಹತ್ತಿರವಾಗುವುದು ಇದೇ. ಆಗ ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಚರ್ಚೇ ಸರಕಾರಿ ಚರ್ಚು. ಬೇರೆ ಪಂಗಡದವರೂ ಅದಕ್ಕೆ ತೆರಿಗೆ ಕಟ್ಟಬೇಕಿತ್ತು. ಪರವಾನಗಿ ಇಲ್ಲದೆ ಬೋಧನೆ ಮಾಡಿದ ಬ್ಯಾಪ್ಟಿಸ್ಟ್ ಪಾದ್ರಿಗಳನ್ನು ಜೈಲಿಗೆ ಹಾಕುತ್ತಿದ್ದರು. ಯಾರನ್ನೂ ಯಾವುದೇ ಪೂಜಾಸ್ಥಳಕ್ಕೆ ಹೋಗುವಂತೆ, ಹಣ ಕೊಡುವಂತೆ ಬಲವಂತ ಮಾಡಬಾರದು, ನಂಬಿಕೆಯ ಕಾರಣಕ್ಕೆ ಯಾರ ನಾಗರಿಕ ಹಕ್ಕೂ ಕಡಿಮೆಯಾಗಬಾರದು ಎಂಬ ಮಸೂದೆಯನ್ನು ಜೆಫರ್ಸನ್ 1777ರಲ್ಲಿ ಬರೆದರು. 1779ರಲ್ಲಿ ಅದು ಸಭೆಗೆ ಬಂತು, ಬಿದ್ದುಹೋಯಿತು. ಕೊನೆಗೆ 1786ರ ಜನವರಿಯಲ್ಲಿ ಗೆಳೆಯ ಜೇಮ್ಸ್ ಮ್ಯಾಡಿಸನ್ ಪಟ್ಟು ಹಿಡಿದು ಪಾಸು ಮಾಡಿಸಿದರು. ಆಗ ಜೆಫರ್ಸನ್ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದರು.

ಚರ್ಚೆಯ ವೇಳೆ ಕೆಲವರು ಕಾನೂನಿನಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸಬೇಕು ಅಂದರು. ಬಹುಮತ ಒಪ್ಪಲಿಲ್ಲ. ಇದರ ಅರ್ಥವೇನು ಅಂತ ಜೆಫರ್ಸನ್ 1821ರಲ್ಲಿ, 77ರ ವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲಿ ಸ್ಪಷ್ಟವಾಗಿ ವಿವರಿಸಿದರು: ಈ ರಕ್ಷಣೆ ಯಹೂದಿಗೂ, ಕ್ರೈಸ್ತನಿಗೂ, ಮುಸ್ಲಿಮನಿಗೂ, ಹಿಂದೂವಿಗೂ, ದೇವರನ್ನು ನಂಬದವನಿಗೂ ಒಂದೇ. ಆಗ ಅಲ್ಲಿ ಓಟು ಹಾಕುವ ಮುಸ್ಲಿಮರು ಯಾರೂ ಇರಲಿಲ್ಲ, ಕೇಳಿದವರೂ ಇರಲಿಲ್ಲ. ಓಟಿನ ಲಾಭವಿಲ್ಲದೆ ಕೊಟ್ಟ ಹಕ್ಕು ಅದು.

ಸೂರ್ಯಾಸ್ತಕ್ಕೆ ಸರಿಯಾಗಿ ಊಟ

1800ರ ಚುನಾವಣೆಯಲ್ಲಿ ಎದುರಾಳಿಗಳು ಜೆಫರ್ಸನ್‌ರನ್ನು ಧರ್ಮವಿಲ್ಲದವರು, ನಾಸ್ತಿಕರು ಅಂತ ಜರೆದರು. ಮತಗಳು ಏರನ್ ಬರ್‌ಗೆ ಸಮಸಮವಾಗಿ ಬಂದು, ಸಂಸತ್ತಿನ ಕೆಳಮನೆಯಲ್ಲಿ 36 ಸುತ್ತು ಮತ ಹಾಕಿದ ಮೇಲೆ ಜೆಫರ್ಸನ್ ಗೆದ್ದರು. 1801ರಿಂದ 1809ರವರೆಗೆ ಎರಡು ಅವಧಿಗೆ ಅಧ್ಯಕ್ಷರಾಗಿದ್ದರು.

ಆ ಹೊತ್ತಿಗೆ ಉತ್ತರ ಆಫ್ರಿಕಾದ ಮುಸ್ಲಿಂ ರಾಜ್ಯಗಳ ಜೊತೆ ಅಮೆರಿಕದ ನಂಟು ಬರೀ ಪುಸ್ತಕದ್ದಾಗಿರಲಿಲ್ಲ. ಮೊರಾಕೊದ ಸುಲ್ತಾನ ಮುಹಮ್ಮದ್ ಬಿನ್ ಅಬ್ದುಲ್ಲಾ 1777ರಲ್ಲೇ ಅಮೆರಿಕದ ಹಡಗುಗಳಿಗೆ ತನ್ನ ಬಂದರು ತೆರೆದಿದ್ದ. 1786ರ ಮೊರಾಕೊ ಒಪ್ಪಂದಕ್ಕೆ ಅಮೆರಿಕದ ಪರವಾಗಿ ಸಹಿ ಮಾಡಿದವರಲ್ಲಿ ಜೆಫರ್ಸನ್ ಒಬ್ಬರು. ಟ್ರಿಪೋಲಿ ಜೊತೆ ಮಾತ್ರ 1801ರಿಂದ 1805ರವರೆಗೆ ಯುದ್ಧ ನಡೆಯಿತು. ಹಡಗು ಹಿಡಿಯುವುದು, ಬಿಡುಗಡೆಗೆ ಹಣ ಕೇಳುವುದು, ಸಮುದ್ರದಲ್ಲಿ ಓಡಾಡಲು ಕಪ್ಪ ಕೇಳುವುದು, ಇದೇ ಜಗಳ. ಸೆರೆಸಿಕ್ಕ ನಾವಿಕರನ್ನು ಆ ಬಂದರುಗಳಲ್ಲಿ ಗುಲಾಮರಾಗಿ ದುಡಿಸುತ್ತಿದ್ದರು ಎಂಬುದನ್ನೂ ನಾವು ಮುಚ್ಚಿಡಬೇಕಿಲ್ಲ.

ಟ್ರಿಪೋಲಿಗೆ ದಿಗ್ಬಂಧನ ಹಾಕಿದ್ದ ಅಮೆರಿಕದ ನೌಕಾಪಡೆ ಟ್ಯುನಿಸ್‌ನ ಹಡಗುಗಳನ್ನೂ ಹಿಡಿದಿತ್ತು. ಅದಕ್ಕೆ ಪರಿಹಾರ ಕೇಳಲು 1805ರ ಕೊನೆಗೆ ಟ್ಯುನಿಸ್‌ನ ದೂತ ಸೀದಿ ಸುಲೈಮಾನ್ ಮೆಲ್ಲಿಮೆಲ್ಲಿ ವಾಷಿಂಗ್ಟನ್‌ಗೆ ಬಂದರು. ಅದು ರಮಝಾನ್ ತಿಂಗಳು. ಡಿಸೆಂಬರ್ 9ರಂದು ಜೆಫರ್ಸನ್ ಅವರನ್ನು ಊಟಕ್ಕೆ ಕರೆದರು. ಅಧ್ಯಕ್ಷರ ಮನೆಯ ಊಟ ಮಾಮೂಲಾಗಿ ಮಧ್ಯಾಹ್ನ ಮೂರೂವರೆಗೆ. ಆ ದಿನ ಆಹ್ವಾನ ಪತ್ರದಲ್ಲಿ ಸೂರ್ಯಾಸ್ತಕ್ಕೆ ಸರಿಯಾಗಿ ಅಂತ ಸಮಯ ಬದಲಿಸಿದರು. ಅದನ್ನು ಇಫ್ತಾರ್ ಅಂತ ಕರೆದಿದ್ದು ನಂತರದವರು. ಜೆಫರ್ಸನ್‌ಗೆ ಅದು ಅತಿಥಿ ಮರ್ಯಾದೆ, ಅಷ್ಟೇ. ಹಡಗುಗಳ ಜಗಳ ಆ ಒಂದು ಊಟದಿಂದ ಮುಗಿಯಲೂ ಇಲ್ಲ. ಆದರೆ ಜಗಳ ಬಾಕಿ ಇರುವಾಗಲೂ ಎದುರಿನವರ ಉಪವಾಸಕ್ಕೆ ಊಟದ ಹೊತ್ತು ಸರಿಸಿದ್ದು ಸಣ್ಣ ಮಾತಲ್ಲ.

ಆ ವರ್ಷಗಳಲ್ಲಿ ಅಧ್ಯಕ್ಷರ ಅಡುಗೆಮನೆಯಲ್ಲಿ ಎಡಿತ್ ಫಾಸೆಟ್ ಎಂಬ ಹುಡುಗಿ ಕೆಲಸ ಮಾಡುತ್ತಿದ್ದರು. 1802ರಲ್ಲಿ, 15ರ ಹರೆಯದಲ್ಲಿ, ಜೆಫರ್ಸನ್‌ರ ಮಾಂಟಿಸೆಲ್ಲೊ ತೋಟದಿಂದ ಅವರನ್ನು ಫ್ರೆಂಚ್ ಬಾಣಸಿಗರ ಕೈಕೆಳಗೆ ಅಡುಗೆ ಕಲಿಯಲು ಕರೆತಂದಿದ್ದರು. ಬಾಣಸಿಗರಿಗೆ ಸಂಬಳ, ಎಡಿತ್‌ಗೆ ತಿಂಗಳಿಗೆ 2 ಡಾಲರ್ ಇನಾಮು. ಯಾಕೆಂದರೆ ಅವರು ನೌಕರರಲ್ಲ, ಗುಲಾಮರು. ಈ ಹೆಸರು ನೆನಪಿಟ್ಟುಕೊಳ್ಳಿ.

1807ರ ಅಕ್ಟೋಬರ್‌ನಲ್ಲಿ ಇನ್ನೊಂದು ಘಟನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆಂಟಕಿಯಲ್ಲಿ ಸಿಕ್ಕಿಬಿದ್ದ ಇಬ್ಬರು ಆಫ್ರಿಕನ್ ಮುಸ್ಲಿಮರು ಕೈಯಾರೆ ಬರೆದ ಅರಬಿ ಹಾಳೆಗಳು ಅಧ್ಯಕ್ಷರ ಕೈ ಸೇರಿದವು. ಅವುಗಳನ್ನು ಓದಿ ಅನುವಾದಿಸಬಲ್ಲವರನ್ನು ಹುಡುಕಿಸಲು ಜೆಫರ್ಸನ್ ಪ್ರಯತ್ನಪಟ್ಟರು. ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಹಲವರು ಮುಸ್ಲಿಮರಾಗಿದ್ದರು. ಅಂದರೆ ಜೆಫರ್ಸನ್‌ರ ಕಾನೂನು ಯಾವ ಮುಸ್ಲಿಮರನ್ನು ದೂರದವರು ಅಂತ ಭಾವಿಸಿ ಹಕ್ಕು ಕೊಟ್ಟಿತ್ತೋ, ಅವರು ಆಗಲೇ ಆ ನೆಲದಲ್ಲಿ ಸಂಕೋಲೆಯಲ್ಲಿ ದುಡಿಯುತ್ತಿದ್ದರು.

ದೇಶದ ಸಾಲ ಇಳಿಯಿತು

ಅಧ್ಯಕ್ಷರಾಗಿ ಜೆಫರ್ಸನ್ ಮಾಡಿದ ದೊಡ್ಡ ವ್ಯವಹಾರ 1803ರ ಲೂಯಿಸಿಯಾನಾ ಖರೀದಿ. ನೆಪೋಲಿಯನ್‌ಗೆ ಯುದ್ಧಕ್ಕೆ ಹಣ ಬೇಕಿತ್ತು. ಸುಮಾರು 8,28,000 ಚದರ ಮೈಲಿ ಭೂಮಿಯನ್ನು ಫ್ರಾನ್ಸ್ 1.5 ಕೋಟಿ ಡಾಲರ್‌ಗೆ ಬಿಟ್ಟುಕೊಟ್ಟಿತು. ದೇಶದ ವಿಸ್ತೀರ್ಣ ಹೆಚ್ಚುಕಡಿಮೆ ಎರಡರಷ್ಟಾಯಿತು. ಆ ನೆಲದಲ್ಲಿ ಮೊದಲಿಂದ ಬದುಕುತ್ತಿದ್ದ ಮೂಲನಿವಾಸಿಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಇಷ್ಟು ಖರ್ಚಿದ್ದರೂ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಜೊತೆ ಸೇರಿ ದೇಶದ ಸಾಲವನ್ನು ಸುಮಾರು 8.3 ಕೋಟಿ ಡಾಲರ್‌ನಿಂದ 5.7 ಕೋಟಿಗೆ ಇಳಿಸಿದರು. 1808ರ ಜನವರಿ 1ರಿಂದ ಹೊರದೇಶದಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾನೂನಿಗೂ ಸಹಿ ಮಾಡಿದರು. ಒಳಗಿನ ಮಾರಾಟ ಮುಂದುವರಿಯಿತು.

ದೊಡ್ಡ ಎಡವಟ್ಟು 1807ರ ಡಿಸೆಂಬರ್‌ನಲ್ಲಿ ಆಯಿತು. ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಯುದ್ಧದ ನಡುವೆ ಅಮೆರಿಕದ ಹಡಗುಗಳನ್ನು ಹಿಡಿಯುತ್ತಿದ್ದವು. ಅವರಿಗೆ ಬುದ್ಧಿ ಕಲಿಸಲು ಜೆಫರ್ಸನ್ ತಮ್ಮದೇ ಹಡಗುಗಳು ಹೊರದೇಶಕ್ಕೆ ಹೋಗದಂತೆ ಬಂದರು ಮುಚ್ಚಿಸಿದರು. 1807ರಲ್ಲಿ 10.8 ಕೋಟಿ ಡಾಲರ್ ಇದ್ದ ರಫ್ತು ಮರುವರ್ಷ 2.2 ಕೋಟಿಗೆ ಬಿತ್ತು. ಹಡಗು ಕಟ್ಟುವವನಿಂದ ಹಿಡಿದು ಮೂಟೆ ಹೊರುವವನವರೆಗೆ ಎಲ್ಲರ ಹೊಟ್ಟೆಗೆ ಪೆಟ್ಟು, ಕಳ್ಳಸಾಗಣೆಗೆ ಸುಗ್ಗಿ. ಅಧಿಕಾರದ ಕೊನೆಯ ದಿನಗಳಲ್ಲಿ ಅದನ್ನು ವಾಪಸು ಪಡೆಯಬೇಕಾಯಿತು.

ಮನೆಯ ಸಾಲ ಏರಿತು

ದೇಶದ ಸಾಲ ಇಳಿಸಿದ ಮನುಷ್ಯ ಮನೆಯ ಸಾಲ ಇಳಿಸಲಿಲ್ಲ. ಜೆಫರ್ಸನ್ 1767ರಿಂದ ಸಾಯುವವರೆಗೂ, ಸುಮಾರು 60 ವರ್ಷ, ದಿನದ ಖರ್ಚು ಬರೆದಿಟ್ಟವರು. ಪೇಟೆಯಲ್ಲಿ ಕೊಂಡ ತರಕಾರಿ, ದೋಣಿ ದಾಟಿಸಿದವನಿಗೆ ಕೊಟ್ಟ ಚಿಲ್ಲರೆ, ಬಡವರಿಗೆ ಕೊಟ್ಟ ದಾನ, ಎಲ್ಲ ಇದೆ. ಇಲ್ಲದಿರುವುದು ಒಂದೇ, ಕೂಡಿ ಕಳೆದು ನೋಡಿದ ಮೊತ್ತ. ಅಂಗಡಿ ನಡೆಸುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಿರ್ದಿ ಬರೆದರೆ ಸಾಲದು, ಖಾತೆಗೆ ಏರಿಸಬೇಕು, ವರ್ಷಕ್ಕೊಮ್ಮೆಯಾದರೂ ಕೊಡುವುದೆಷ್ಟು ಬರುವುದೆಷ್ಟು ಅಂತ ಅಢಾವೆ ತೆಗೆಯಬೇಕು. ಇಲ್ಲದಿದ್ದರೆ ಪೈಸೆ ಪೈಸೆಗೂ ಲೆಕ್ಕ ಇರುತ್ತದೆ, ತಾನು ಮುಳುಗುತ್ತಿದ್ದೇನೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಸಾಲ ಶುರುವಾಗಿದ್ದು ಮಾವನಿಂದ. 1772ರಲ್ಲಿ ಜೆಫರ್ಸನ್ ಮಾರ್ಥಾರನ್ನು ಮದುವೆಯಾದರು. ಮರುವರ್ಷ ಮಾವ ಜಾನ್ ವೇಲ್ಸ್ ತೀರಿಕೊಂಡಾಗ ಭೂಮಿಯ ಜೊತೆ 135 ಗುಲಾಮರು ಮತ್ತು ಬ್ರಿಟಿಷ್ ವರ್ತಕರಿಗೆ ಕೊಡಬೇಕಾದ ದೊಡ್ಡ ಸಾಲವೂ ಬಂತು. ತೀರಿಸಲು ಜಮೀನು ಮಾರಿದರು. ಆದರೆ ಸ್ವಾತಂತ್ರ್ಯ ಯುದ್ಧದಲ್ಲಿ ಕಾಗದದ ಹಣದ ಬೆಲೆ ಬಿದ್ದುಹೋಗಿ, ಬಂದ ದುಡ್ಡು ಏನಕ್ಕೂ ಸಾಲಲಿಲ್ಲ. ಜಮೀನೂ ಹೋಯಿತು, ಸಾಲವೂ ಉಳಿಯಿತು. ಇದರಲ್ಲಿ ಅವರ ತಪ್ಪು ಕಡಿಮೆ.

ಉಳಿದದ್ದು ಕೈಯಾರೆ ಮಾಡಿಕೊಂಡದ್ದು. ಮಾಂಟಿಸೆಲ್ಲೊ ಬೆಟ್ಟದ ಮೇಲಿನ ಮನೆಯನ್ನು ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು ಅಂತ 40 ವರ್ಷ ನಡೆಯಿತು. ಯುರೋಪಿನಿಂದ ದ್ರಾಕ್ಷಾರಸ, ಪೀಠೋಪಕರಣ, ಪುಸ್ತಕ. ಮನೆ ತುಂಬ ನೆಂಟರು. ವರ್ಷಕ್ಕೆ 25,000 ಡಾಲರ್ ಅಧ್ಯಕ್ಷರ ಸಂಬಳವೂ ಸಾಕಾಗದೆ, ಅಧಿಕಾರ ಬಿಟ್ಟು ಮನೆಗೆ ಬರುವಾಗ ಹೊಸ ಸಾಲ ಹೊತ್ತು ಬಂದರು.

1814ರಲ್ಲಿ ಬ್ರಿಟಿಷ್ ಸೈನ್ಯ ವಾಷಿಂಗ್ಟನ್‌ಗೆ ಬೆಂಕಿಯಿಟ್ಟಾಗ ಸಂಸತ್ತಿನ ಗ್ರಂಥಾಲಯ ಸುಟ್ಟುಹೋಯಿತು. ಜೆಫರ್ಸನ್ ತಮ್ಮ 6,487 ಪುಸ್ತಕಗಳನ್ನು ದೇಶಕ್ಕೆ 23,950 ಡಾಲರ್‌ಗೆ ಮಾರಿದರು. ಕುರ್‌ಆನ್ ಕೂಡ ಅದರಲ್ಲಿತ್ತು. 1851ರ ಇನ್ನೊಂದು ಬೆಂಕಿಯಲ್ಲಿ ಆ ಪುಸ್ತಕಗಳ ಮೂರನೇ ಎರಡು ಭಾಗ ಬೂದಿಯಾದರೂ ಕುರ್‌ಆನ್ ಉಳಿಯಿತು. ಬಂದ ಹಣದ ಹೆಚ್ಚಿನ ಪಾಲು ಸಾಲಗಾರರಿಗೆ ಹೋಯಿತು. ಆಮೇಲೆ ಮತ್ತೆ ಪುಸ್ತಕ ಕೊಳ್ಳಲು ಶುರುಮಾಡಿದರು.

ಕೊನೆಯ ಪೆಟ್ಟು ಜಾಮೀನಿನದು. ಮೊಮ್ಮಗನ ಮಾವ ವಿಲ್ಸನ್ ಕ್ಯಾರಿ ನಿಕೊಲಸ್ ಅವರ 20,000 ಡಾಲರ್ ಬ್ಯಾಂಕ್ ಸಾಲಕ್ಕೆ ಜೆಫರ್ಸನ್ ಸಹಿ ಹಾಕಿದ್ದರು. ಬೀಗರು ಕೇಳಿದಾಗ ಇಲ್ಲ ಅನ್ನುವುದು ಹೇಗೆ? 1819ರಲ್ಲಿ ದೇಶದ ವ್ಯಾಪಾರವೇ ಕುಸಿಯಿತು, ನಿಕೊಲಸ್ ದಿವಾಳಿಯಾದರು, ಮರುವರ್ಷ ತೀರಿಕೊಂಡರು. 76 ದಾಟಿದ ಮುದುಕನ ಮೇಲೆ ವರ್ಷಕ್ಕೆ 1,200 ಡಾಲರ್ ಬಡ್ಡಿ ಬಂದು ಬಿತ್ತು.

ಏಲಂ

ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಮಾಲೀಕರಾಗಿದ್ದರು. ಗುಲಾಮಗಿರಿ ಅನ್ಯಾಯ ಅಂತ ಅವರಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಪಶ್ಚಿಮದ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ಬೇಡ ಅಂತ 1784ರಲ್ಲಿ ಅವರೇ ಪ್ರಸ್ತಾವ ತಂದಿದ್ದರು. ಅದು ಒಂದೇ ಮತದಲ್ಲಿ ಬಿತ್ತು. ಆದರೆ ತಮ್ಮ ಸ್ವಂತ ಗುಲಾಮರಲ್ಲಿ ಬದುಕಿದ್ದಾಗ ಬಿಡುಗಡೆ ಪತ್ರ ಕೊಟ್ಟಿದ್ದು ಇಬ್ಬರಿಗೆ, ಉಯಿಲಿನಲ್ಲಿ ಐವರಿಗೆ. ಒಟ್ಟು ಏಳು.

ಹೆಂಡತಿ 1782ರಲ್ಲಿ ತೀರಿಕೊಂಡ ಮೇಲೆ ಜೆಫರ್ಸನ್ ಮರುಮದುವೆಯಾಗಲಿಲ್ಲ. ಮನೆಯ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಕ್ಕಳಿಗೆ ಜೆಫರ್ಸನ್ನೇ ತಂದೆ ಅಂತ ಆಗಲೇ ಮಾತಿತ್ತು. 1998ರ ಡಿಎನ್‌ಎ ಪರೀಕ್ಷೆ ಮತ್ತು ಹಳೆಯ ದಾಖಲೆಗಳನ್ನು ಸೇರಿಸಿ ನೋಡಿದ ಮೇಲೆ ಹೆಚ್ಚಿನ ಇತಿಹಾಸಕಾರರು ಇದನ್ನು ಒಪ್ಪಿದ್ದಾರೆ. ಇಲ್ಲ ಅನ್ನುವ ಹಕ್ಕೇ ಇಲ್ಲದ ಹೆಣ್ಣಿನ ವಿಷಯ ಇದು. ಇದನ್ನು ಪ್ರೇಮಕಥೆ ಅಂತ ಹೇಳಿ ಮುಗಿಸಲಾಗದು.

ಸಾಲ ಇತ್ತು, ಅದಕ್ಕೇ ಬಿಡುಗಡೆ ಮಾಡಲಾಗಲಿಲ್ಲ ಅಂತ ಹೇಳುವವರಿದ್ದಾರೆ. ಆದರೆ ಒಂದು ದಾರಿ ಇತ್ತು. ಅಮೆರಿಕದ ಪರ ಹೋರಾಡಿದ ಪೋಲೆಂಡಿನ ಸೇನಾನಿ ಕೊಶ್ಚುಶ್ಕೊ ತನ್ನ ಅಮೆರಿಕದ ಹಣದಿಂದ ಗುಲಾಮರನ್ನು ಕೊಂಡು ಬಿಡುಗಡೆ ಮಾಡಿ, ವಿದ್ಯೆ ಕೊಡಿಸಿ ಅಂತ 1798ರಲ್ಲಿ ಉಯಿಲು ಬರೆದು ಜೆಫರ್ಸನ್‌ಗೇ ಒಪ್ಪಿಸಿದ್ದರು. ಜೆಫರ್ಸನ್‌ರ ಗುಲಾಮರನ್ನೂ ಬಿಡಿಸಬಹುದಿತ್ತು. 1817ರಲ್ಲಿ ಕೊಶ್ಚುಶ್ಕೊ ತೀರಿಕೊಂಡಾಗ, ವಯಸ್ಸಾಯಿತು ಅಂತ ಜೆಫರ್ಸನ್ ಆ ಹೊಣೆಯಿಂದ ಹಿಂದೆ ಸರಿದರು. ಆ ಹಣದಿಂದ ಒಬ್ಬರೂ ಬಿಡುಗಡೆಯಾಗಲಿಲ್ಲ. ಅದೇ ಹೊತ್ತಿಗೆ ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಲು ಮಾತ್ರ ಅವರಿಗೆ ಚೈತನ್ಯ ಇತ್ತು.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನ್ ತೀರಿಕೊಂಡರು. ಅದೇ ದಿನ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಕೂಡ. ಉಳಿಸಿಹೋದ ಸಾಲ 1,07,000 ಡಾಲರ್‌ಗೂ ಹೆಚ್ಚು. ನಮ್ಮಲ್ಲಿ ಮಯ್ಯಿತ್ ನಮಾಝ್‌ಗೆ ನಿಲ್ಲುವ ಮುಂಚೆ, ತೀರಿಕೊಂಡವರಿಂದ ಯಾರಿಗಾದರೂ ಬರಬೇಕಾದ್ದು ಇದ್ದರೆ ಮನೆಯವರಿಗೆ ತಿಳಿಸಿ ಅಂತ ಹೇಳುವ ಕ್ರಮ ಇದೆ. ಸಾಲ ಸತ್ತವನ ಜೊತೆ ಮಣ್ಣಿಗೆ ಹೋಗುವುದಿಲ್ಲ, ಬದುಕಿರುವವರ ಹೆಗಲಿಗೆ ಬರುತ್ತದೆ ಅನ್ನುವ ತಿಳಿವಳಿಕೆ ಅದು. ಮಾಂಟಿಸೆಲ್ಲೊದಲ್ಲಿ ಅದು ಯಾರ ಹೆಗಲಿಗೆ ಬಂತು? 1827ರ ಜನವರಿಯಲ್ಲಿ ಮನೆಯ ಸಾಮಾನು, ದನಕರು, ಉಪಕರಣಗಳ ಜೊತೆ 130 ಮನುಷ್ಯರನ್ನು ಏಲಂಗೆ ನಿಲ್ಲಿಸಿದರು. ಅವರು ಯಾರೂ ಆ ಸಾಲಪತ್ರಗಳಿಗೆ ಸಹಿ ಹಾಕಿರಲಿಲ್ಲ.

ಶ್ವೇತಭವನದ ಅಡುಗೆಮನೆಯಲ್ಲಿ ಕಲಿತ ಎಡಿತ್ ಮತ್ತು ಅವರ ಮಕ್ಕಳು ಆ ಏಲಂನಲ್ಲಿದ್ದರು. ಗಂಡ ಜೋಸೆಫ್ ಫಾಸೆಟ್ ತೋಟದ ಕಮ್ಮಾರ. ಉಯಿಲಿನ ಪ್ರಕಾರ ಬಿಡುಗಡೆ ಸಿಕ್ಕಿದ ಐವರಲ್ಲಿ ಅವರೂ ಒಬ್ಬರು. ಹೆಂಡತಿ ಮಕ್ಕಳಿಗೆ ಬಿಡುಗಡೆ ಇರಲಿಲ್ಲ. ಮಕ್ಕಳು ಬೇರೆ ಬೇರೆಯವರ ಪಾಲಾದರು. ಜೋಸೆಫ್ ಕಮ್ಮಾರಿಕೆ ಮಾಡಿ, ಬಂಧುಗಳ ನೆರವಿನಿಂದ ಎಡಿತ್‌ರನ್ನೂ ಕೆಲವು ಮಕ್ಕಳನ್ನೂ ಹಣ ಕೊಟ್ಟು ಬಿಡಿಸಿಕೊಂಡರು. ಏಲಂ ದಿನ 11 ವರ್ಷವಾಗಿದ್ದ ಮಗ ಪೀಟರ್‌ಗೆ ಬಿಡುಗಡೆ ಸಿಗಲು 1850ರವರೆಗೆ ಕಾಯಬೇಕಾಯಿತು.

ಉಳಿದದ್ದೇನು?

ತಮ್ಮ ಗೋರಿಕಲ್ಲಿನ ಮೇಲೆ ಮೂರೇ ಸಂಗತಿ ಇರಬೇಕು ಅಂತ ಜೆಫರ್ಸನ್ ಬರೆದಿಟ್ಟಿದ್ದರು: ಸ್ವಾತಂತ್ರ್ಯ ಘೋಷಣೆ, ಧಾರ್ಮಿಕ ಸ್ವಾತಂತ್ರ್ಯದ ಕಾನೂನು, ವರ್ಜೀನಿಯಾ ವಿಶ್ವವಿದ್ಯಾಲಯ. ಅಧ್ಯಕ್ಷರಾಗಿದ್ದನ್ನು ಸೇರಿಸಲಿಲ್ಲ.

ಸಾಲಕ್ಕೆ ಮಾಂಟಿಸೆಲ್ಲೊ ಮನೆಯೂ ಕೈತಪ್ಪಿತು. ಹಾಳು ಬೀಳುತ್ತಿದ್ದ ಅದನ್ನು 1834ರಲ್ಲಿ ಕೊಳ್ಳಲು ಮುಂದಾದವರು ಯುರಾಯ ಲೆವಿ ಎಂಬ ನೌಕಾಪಡೆಯ ಅಧಿಕಾರಿ, ಯಹೂದಿ. ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಬರೆದವರ ಮನೆ ಉಳಿಯಬೇಕು ಎಂಬುದು ಅವರ ಆಸೆ. ಲೆವಿ ಕುಟುಂಬ 1923ರವರೆಗೆ ಅದನ್ನು ಕಾಪಾಡಿತು. ಇಂದು ಅದು ಮ್ಯೂಸಿಯಂ. ಹೆಮಿಂಗ್ಸ್, ಫಾಸೆಟ್ ಕುಟುಂಬಗಳ ಕಥೆಯನ್ನೂ ಅಲ್ಲಿ ಹೇಳುತ್ತಾರೆ.

ನಮ್ಮ ಯುವಕರು ಇದರಿಂದ ಏನು ತೆಗೆದುಕೊಳ್ಳಬಹುದು? ಕಾನೂನಿನಲ್ಲಿ ಬರೆದ ಒಳ್ಳೆಯ ಮಾತು ಬರೆದವರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದನ್ನು ಬರೆದವರೇ ಪಾಲಿಸಲಿಲ್ಲ ಅಂತ ನಾವು ಬಿಟ್ಟುಕೊಡಬೇಕಾಗಿಲ್ಲ. ಎಲಿಸನ್ ಬಿಟ್ಟುಕೊಡಲಿಲ್ಲ, ಲೆವಿಯೂ ಬಿಟ್ಟುಕೊಡಲಿಲ್ಲ. ಹಾಗೆಯೇ ಆ ಮಾತಿನ ಅಂದ ನೋಡಿ 130 ಜನರನ್ನು ಮರೆಯುವುದೂ ನ್ಯಾಯವಲ್ಲ. ಇನ್ನು ಸಾಲ, ಜಾಮೀನು. ಸಹಿ ಹಾಕುವಾಗ ಪೆನ್ನು ನಮ್ಮ ಕೈಯಲ್ಲಿರುತ್ತದೆ, ತೀರಿಸುವ ಕೈ ಇನ್ಯಾರದ್ದೋ ಆಗಿರಬಹುದು.

ಪೀಟರ್ ಫಾಸೆಟ್ ಕದ್ದುಮುಚ್ಚಿ ಓದು ಕಲಿತು, ಬಿಡುಗಡೆಯಾದ ಮೇಲೆ ಸಿನ್ಸಿನಾಟಿಯಲ್ಲಿ ದೊಡ್ಡ ಊಟದ ಕಾಂಟ್ರಾಕ್ಟರ್ ಆದರು, ಚರ್ಚಿನ ಪಾದ್ರಿಯೂ ಆದರು. 1900ರಲ್ಲಿ, 80 ದಾಟಿದ ಮೇಲೆ, ಒಮ್ಮೆ ಮಾಂಟಿಸೆಲ್ಲೊ ನೋಡಿಬರಬೇಕು ಅಂತ ಆಸೆಪಟ್ಟು ಹೋದರು. ತಮ್ಮನ್ನು ಏಲಂ ಹಾಕಿದ್ದ ಆ ಮನೆಗೆ ಈ ಸಲ ಅವರು ಸ್ವತಂತ್ರ ಮನುಷ್ಯರಾಗಿ ಕಾಲಿಟ್ಟರು.